ಮುಯ್ಯಾಳಿಗೆ ಬಂದ ಗಣಿತ

ನಾನು ಸಿಟ್ಟಿನವಳು ಎಂದು ನಮ್ಮ ಬೀದಿಯಲ್ಲಿ ಹೆಸರಿದೆ. ಇದ್ದರೆ ಇರಲಿ. ಆದರೆ ಆ ಆಷಾಢದಲ್ಲಿ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಪಾಠದ ಟ್ಯಾಬ್ ಮಾರುವ ಒಬ್ಬ ಹುಡುಗ, ಒಬ್ಬ ಹುಡುಗಿ ಮಂಡ್ಯದಿಂದ ಸ್ಕೂಟರಿನಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತಾಗ ನನಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಆಗಷ್ಟೇ ಹತ್ತನೇ ಕ್ಲಾಸಿಗೆ ಕಾಲಿಟ್ಟಿದ್ದ ನನ್ನ ಮಗಳ ಕೈಗೆ ಅವರು ಒಂದು ಟ್ಯಾಬ್ ಕೊಟ್ಟು ಗಣಿತದ ಹತ್ತು ಪ್ರಶ್ನೆ ಕೇಳಿದರು. ಮೂರು ಸರಿಯಾದವು. ಆ ಹುಡುಗಿ ನನ್ನ ಕಡೆ ತಿರುಗಿ, ಯಾರೋ ತೀರಿಕೊಂಡ ಸುದ್ದಿ ಹೇಳುವವಳ ಹಾಗೆ ದನಿ ತಗ್ಗಿಸಿ, "ಫೌಂಡೇಶನ್ನೇ ಇಲ್ಲ ಮೇಡಂ" ಎಂದಳು. ನಮ್ಮ ಜಗಲಿಯ ಮೇಲೆ ನನ್ನನ್ನು ಮೇಡಂ ಎಂದು ಕರೆದವರಲ್ಲಿ ಅವಳೇ ಮೊದಲು.

ಹೆದರಿಕೆಗೆ ಕಾರಣವಿತ್ತು. ನಮ್ಮೂರು ಮದ್ದೂರಿನಿಂದ ಏಳು ಕಿಲೋಮೀಟರ್ ಒಳಕ್ಕೆ, ನಾಲೆಯ ಕೊನೆಯಲ್ಲಿದೆ. ಒಂದೂವರೆ ಎಕರೆ ಗದ್ದೆ, ಎರಡು ಸೀಮೆಹಸು, ಡೇರಿಗೆ ಹಾಲು. ನನ್ನ ತವರು ದುದ್ದದ ಕಡೆ. ಹತ್ತನೇ ಕ್ಲಾಸಿನಲ್ಲಿ ಗಣಿತ ಒಂದರಲ್ಲೇ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಹೋಯಿತು. ಮೂರನೆಯ ಸಲ ಕಟ್ಟುವ ಹೊತ್ತಿಗೆ ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ಈಗ ನನ್ನ ಮಗಳಿಗೆ ಮಂಡ್ಯದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವ ಆಸೆ. ಬರೀ ಬಾಯಿಮಾತಿನ ಆಸೆಯಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಅವರಪ್ಪ ಮೆಕ್ಯಾನಿಕ್‌ಗೆ ಫೋನ್ ಮಾಡುವಷ್ಟರಲ್ಲಿ ಇವಳು ಡಬ್ಬಿಯ ಮುಚ್ಚಳ ಬಿಚ್ಚಿಟ್ಟಿರುತ್ತಾಳೆ. ನಮ್ಮನೆಯವರು ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದ್ದರು.

"ಗಣಿತ ಪಾಸಾದ್ರೆ ಡಿಪ್ಲೊಮಾ. ಇಲ್ದಿದ್ರೆ ಒಲಿಗೆ ಮಿಸನ್ನು. ಆಮೇಲೆ ನನ್ ತಲೆ ತಿನ್ಬ್ಯಾಡಿ."

ಹೊಲಿಗೆ ಕೆಟ್ಟ ಕಸುಬಲ್ಲ. ಆದರೆ ಆಸೆಪಟ್ಟು ಕಲಿಯುವ ಹೊಲಿಗೆ ಬೇರೆ, ಗಣಿತ ಬರಲಿಲ್ಲ ಎಂದು ತಲೆಗೆ ಕಟ್ಟುವ ಹೊಲಿಗೆ ಬೇರೆ. ಎರಡನೆಯದು ಹೇಗಿರುತ್ತದೆ ಎಂದು ನನಗೆ ಗೊತ್ತು, ನನ್ನ ಮದುವೆಯೂ ಹಾಗೆಯೇ ಆಗಿದ್ದು.

ಹಾಲಿನ ದುಡ್ಡಿನಲ್ಲಿ ಒಂದು ಫ್ರಿಜ್ ತರಬೇಕೆಂದು ಎರಡು ವರ್ಷದಿಂದ ಕೂಡಿಟ್ಟಿದ್ದೆ. ಮದ್ದೂರಿನ ಅಂಗಡಿಯಲ್ಲಿ ಬಣ್ಣ ಕೂಡ ನೋಡಿ ಬಂದಿದ್ದೆ. ಅದರ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿದ್ದಕ್ಕೆ ಅಂಗಡಿಯವನು "ತಗೊಂಡ್ಮೇಲೆ ತಗೀರಮ್ಮ" ಎಂದು ನಕ್ಕಿದ್ದ. ಆ ದುಡ್ಡನ್ನು ಟ್ಯಾಬಿಗೂ ಅದರೊಳಗಿನ ಪಾಠಕ್ಕೂ ಎತ್ತಿ ಕೊಟ್ಟೆ. ಆಷಾಢದ ಆಫರ್ ಇದೆ, ಇವತ್ತೇ ತಗೊಂಡರೆ ಇಷ್ಟು ಕಡಿಮೆ ಎಂದರು. ವಿದ್ಯೆಯ ಮುಂದೆ ತಣ್ಣೀರು ಯಾವ ಲೆಕ್ಕ ಎಂದುಕೊಂಡೆ. ಒಂದು ವಾರಕ್ಕೆ ಪೆಟ್ಟಿಗೆ ಮನೆ ಬಾಗಿಲಿಗೆ ಬಂತು.

ಇಲ್ಲಿ ನಾವು ಮಾಡಿದ ತಪ್ಪು ಬೇರೆ ಸೀಮೆಯವರಿಗೆ ಅರ್ಥವಾಗುವುದು ಕಷ್ಟ. ಆಷಾಢದಲ್ಲಿ ನಮ್ಮಲ್ಲಿ ಹೊಸದೇನನ್ನೂ ಶುರು ಮಾಡುವುದಿಲ್ಲ. ಸೀರೆ ಕೊಂಡರೂ ಉಡುವುದು ಶ್ರಾವಣಕ್ಕೆ. ಹೊಸದಾಗಿ ಮದುವೆಯಾದ ಸೊಸೆಯನ್ನು ತವರಿಗೆ ಕಳಿಸಿಬಿಡುತ್ತೇವೆ. ನಮ್ಮತ್ತೆ ಆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಭಾರ ನೋಡಿದರು.

"ಇಷ್ಟ್ ದುಡ್ ಕೊಟ್ ತಂದಿದ್ದೀಯೆ. ವಿದ್ಯೆ ವಸ್ತು ಬ್ಯಾರೆ. ಆಸಾಡ್ದಲ್ಲಿ ಬಿಚ್ಬ್ಯಾಡ ಕಣವ್ವ. ಲಕ್ಸ್ಮಿ ಅಬ್ಬಕ್ಕೆ ದೇವ್ರ ಮುಂದಿಟ್ಟು ಬಿಚ್ಚಿದ್ರಾಯ್ತು."

ನನಗೂ ಅದೇ ಸರಿ ಕಂಡಿತು. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಧೂಳು ಬೀಳದಂತೆ ಹೊಸ ಟವೆಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಮಗಳು ದಿನಾ ಅದರ ಕಡೆ ನೋಡಿಕೊಂಡು ಶಾಲೆಗೆ ಹೋಗುತ್ತಿದ್ದಳು.

ವರಮಹಾಲಕ್ಷ್ಮಿ ಹಬ್ಬಕ್ಕೆ ಆರತಿ ಎತ್ತಿ ಬಿಚ್ಚಿದೆವು. ಪರದೆಯ ಮೇಲೆ ಕೋಟು ಹಾಕಿದ ಒಬ್ಬಾತ ಬಂದು ಇಂಗ್ಲಿಷಿನಲ್ಲಿ ಪಾಠ ಶುರು ಮಾಡಿದ. ತ್ರಿಕೋನಗಳು ತಾವಾಗಿಯೇ ಎದ್ದು ಓಡಾಡುತ್ತಿದ್ದವು, ಬಣ್ಣಬಣ್ಣದ ಅಂಕಿಗಳು ಮೇಲಿಂದ ಉದುರುತ್ತಿದ್ದವು. ನಮ್ಮತ್ತೆ ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ನೋಡಿದರು. ಮಗಳು ದಿನಕ್ಕೆ ಎರಡು ಗಂಟೆ ಅದರ ಮುಂದೆ ಕೂತಳು. "ಎಲ್ಲಾ ಅಸಿರು ಬತ್ತಾ ಐತೆ ಕಣವ್ವ" ಎಂದಳು. ಉತ್ತರ ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ನಾನು ನಿಶ್ಚಿಂತೆಯಿಂದ ಹಾಲು ಕರೆಯುತ್ತಿದ್ದೆ.

ಶಾಲೆಯ ಮೊದಲ ಪರೀಕ್ಷೆಯಲ್ಲಿ ಗಣಿತಕ್ಕೆ ಐವತ್ತಕ್ಕೆ ಒಂಬತ್ತು ಬಂತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಸಿರು ಹೇಗೆ ಬರಿಸುತ್ತಿದ್ದೆ ತೋರಿಸು ಎಂದೆ. ತೋರಿಸಿದಳು. ಒಂದು ಪ್ರಶ್ನೆಗೆ ನಾಲ್ಕು ಉತ್ತರ. ಮೊದಲನೆಯದನ್ನು ಒತ್ತುತ್ತಾಳೆ, ಕೆಂಪಾದರೆ ಎರಡನೆಯದು, ಅದೂ ಕೆಂಪಾದರೆ ಮೂರನೆಯದು. ಎಲ್ಲೋ ಒಂದು ಕಡೆ ಹಸಿರು ಬಂದೇ ಬರುತ್ತದೆ. ಬಂದಾಗ ಯಂತ್ರ ಚಪ್ಪಾಳೆ ತಟ್ಟುತ್ತದೆ. ಇವಳಿಗೆ ಏನೂ ಬರುವುದಿಲ್ಲ ಎಂದು ಅದಕ್ಕೆ ಗೊತ್ತಾಗಲಿಲ್ಲ, ಗೊತ್ತಾಗಬೇಕು ಎಂಬ ಹಂಗೂ ಅದಕ್ಕಿರಲಿಲ್ಲ.

ವಾಪಸು ಕೊಡೋಣವೆಂದು ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಆಟ ಆಡಿಸಿದ ಮೇಲೆ ಒಬ್ಬಾತ ಸಿಕ್ಕಿದ. ಕನ್ನಡ ಬರುತ್ತಿತ್ತು, ಪುಣ್ಯ. ಪೆಟ್ಟಿಗೆ ಕೈಸೇರಿದ ಹದಿನೈದು ದಿನದೊಳಗೆ ವಾಪಸು ಮಾಡಬೇಕಿತ್ತು ಮೇಡಂ ಎಂದ.

"ಆಸಾಡ ಇತ್ತಲ್ಲಪ್ಪ, ಬಿಚ್ಚೇ ಇರ್ಲಿಲ್ಲ" ಎಂದೆ.

ಆ ಕಡೆ ಕೀಬೋರ್ಡ್ ಕುಟ್ಟುವ ಸದ್ದು ಕೇಳಿಸಿತು. "ಅಂತಹ ಆಪ್ಶನ್ ಇಲ್ಲಿ ಬರ್ತಿಲ್ಲ ಮೇಡಂ" ಎಂದ. ಅವನದೇನು ತಪ್ಪು? ಕೊಳ್ಳುವುದಕ್ಕೆ ಅಡ್ಡ ಬಾರದ ಆಷಾಢ ಬಿಚ್ಚುವುದಕ್ಕೆ ಮಾತ್ರ ಅಡ್ಡ ಬಂದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಮದ್ದೂರಿನ ಒಂದು ಟ್ಯೂಶನ್ನಿಗೂ ಹೋಗಿ ಬಂದೆ. ಗೋಡೆ ತುಂಬ ಮಕ್ಕಳ ಫೋಟೊ, ಒಂದೊಂದರ ಕೆಳಗೂ ಅವರು ತೆಗೆದ ನಂಬರು. ಫೇಲಾದವರ ಫೋಟೊ ಎಲ್ಲಿ ಹಾಕಿದ್ದೀರಿ ಎಂದು ಕೇಳಬೇಕೆನಿಸಿತು, ಬಾಯಿ ಬಿಗಿಹಿಡಿದೆ. ಹತ್ತನೆಯದರ ಜೊತೆಗೆ ಒಂಬತ್ತನೆಯದರ ಪ್ಯಾಕೇಜೂ ತಗೊಳ್ಳಬೇಕಂತೆ. ಈ ಪ್ಯಾಕೇಜ್ ಎಂಬ ಮಾತು ಮೊದಲು ಟೂರಿನ ಬಸ್ಸಿನವರ ಹತ್ತಿರ ಇತ್ತು, ಆಮೇಲೆ ಹೆರಿಗೆಗೆ ಬಂತು, ಈಗ ಓದಿಗೂ ಬಂದಿದೆ. ಮಗಳನ್ನು ಏಳನೆಯವರೆಗೆ ಕಾನ್ವೆಂಟಿಗೆ ಕಳಿಸಿದ್ದೆವು. ಫೀಸಲ್ಲದೆ ವ್ಯಾನು, ಎರಡು ಬಣ್ಣದ ಶೂ, ಸ್ಮಾರ್ಟ್ ಕ್ಲಾಸಿನದು ಬೇರೆ. ಕೈಲಾಗದೆ ಎಂಟಕ್ಕೆ ಊರ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದಾಗ ನಾನು ಬೀದಿಯಲ್ಲಿ ತಲೆ ತಗ್ಗಿಸಿ ನಡೆದಿದ್ದೆ. ಯಾಕೆ ತಗ್ಗಿಸಿದೆ ಎಂದು ಈಗ ನನ್ನ ಮೇಲೆಯೇ ಕೋಪ ಬರುತ್ತದೆ. ದುಡ್ಡು ಹೆಚ್ಚು ಕಿತ್ತುಕೊಂಡಷ್ಟೂ ಪಾಠ ಒಳ್ಳೆಯದಿರುತ್ತದೆ ಎಂದು ನಮ್ಮ ತಲೆಯಲ್ಲಿ ಯಾರೋ ಕೂರಿಸಿಬಿಟ್ಟಿದ್ದಾರೆ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಚೌಕಾಸಿ ಮಾಡುವ ನಾವು ಸ್ಕೂಲಿನ ಕೌಂಟರಿನಲ್ಲಿ ಬಾಯಿ ಬಿಡುವುದಿಲ್ಲ.

ಅಷ್ಟರಲ್ಲಿ ನಾಲೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ನಮ್ಮ ಬೀದಿಯಲ್ಲಿ ನಾಟಿಗೆ ಇನ್ನೂ ಮುಯ್ಯಾಳು ಉಳಿದಿದೆ. ಇವತ್ತು ನಾನು ನಿಮ್ಮ ಗದ್ದೆಗೆ ಬಂದರೆ ನಾಳೆ ನೀವು ನಮ್ಮ ಗದ್ದೆಗೆ ಬರಬೇಕು. ಆಳಿಗೆ ಆಳು, ದಿನಕ್ಕೆ ದಿನ, ಕೂಲಿಯ ಮಾತಿಲ್ಲ. ಆ ದಿನ ನಾವು ಎಂಟು ಹೆಂಗಸರು ಮೂರನೆಯ ಮನೆಯ ದೊಡ್ಡವ್ವನ ಗದ್ದೆಯಲ್ಲಿ ಬಗ್ಗಿದ್ದೆವು. ಆಕೆಯ ಹೊಸ ಸೊಸೆಯೂ ನಮ್ಮ ಸಾಲಿನಲ್ಲಿದ್ದಳು. ಮಳವಳ್ಳಿ ಕಡೆಯ ಹೆಣ್ಣು. ವೈಶಾಖದಲ್ಲಿ ಮದುವೆಯಾಗಿ, ಆಷಾಢಕ್ಕೆ ತವರಿಗೆ ಹೋಗಿ, ಆಗಷ್ಟೇ ಬಂದಿದ್ದಳು. ಅವಳ ಜೊತೆ ನನಗೆ ಸರಿಯಾಗಿ ಮಾತೇ ಆಗಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ, ಇವತ್ತಿಗೆ ಮುಗಿಯುತ್ತಾ ಇಲ್ಲವಾ ಎಂದು ಮಾತು ಬಂತು. ಒಬ್ಬಳು ಮುಗಿಯುತ್ತದೆ ಎಂದಳು, ಇನ್ನೊಬ್ಬಳು ಸಾಧ್ಯವೇ ಇಲ್ಲ ಎಂದಳು. ಆ ಸೊಸೆ ನೆಟ್ಟ ಭಾಗವನ್ನೊಮ್ಮೆ, ಉಳಿದ ಭಾಗವನ್ನೊಮ್ಮೆ ನೋಡಿ, "ನಾಲ್ಕೂ ಮುಕ್ಕಾಲಿಗೆ ಮುಗೀತದೆ" ಎಂದಳು. ನಾವೆಲ್ಲ ನಕ್ಕೆವು. ಕೊನೆಯ ಪೈರು ಊರಿ ಸೊಂಟ ಎತ್ತಿದಾಗ ಯಾರದೋ ಫೋನಿನಲ್ಲಿ ಗಂಟೆ ನೋಡಿದರೆ ಐದಕ್ಕೆ ಹತ್ತು ನಿಮಿಷ.

"ಅದೆಂಗ್ ಅಷ್ಟ್ ಸರ್ಯಾಗ್ ಏಳ್ದೆ?" ಎಂದು ಕೇಳಿದೆ.

"ಲೆಕ್ಕ ಅಲ್ವಾ ಅಕ್ಕ" ಎಂದಳು, ಕಾಲಿನ ಕೆಸರು ತೊಳೆಯುತ್ತ. "ನಾನು ಬಿ.ಎಸ್ಸಿ. ಓದಿರೋದು, ಗಣಿತ. ಬಿ.ಎಡ್.ನೂ ಆಗೈತೆ."

ಬದುವಿನ ಮೇಲೆ ಹಾಗೆಯೇ ನಿಂತುಬಿಟ್ಟೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ಮದ್ದೂರಿಗೆ ಹೋಗಿ ಫೋಟೊ ನೋಡಿ ಬಂದಿದ್ದೆ, ಕೋಟು ಹಾಕಿದವನಿಗೆ ಆರತಿ ಎತ್ತಿದ್ದೆ. ಗಣಿತ ಬರುವವಳು ನಮ್ಮ ಬೀದಿಯ ಮೂರನೆಯ ಮನೆಯಲ್ಲಿ ಸಗಣಿ ಬಾಚುತ್ತಿದ್ದಳು.

ಆ ಸಂಜೆಯೇ ದೊಡ್ಡವ್ವನ ಮನೆಗೆ ಹೋದೆ. ಸೊಸೆ ದಿನಾ ಸಂಜೆ ಒಂದೂವರೆ ಗಂಟೆ ನನ್ನ ಮಗಳಿಗೆ ಪಾಠ ಹೇಳಿಕೊಡಲಿ ಎಂದೆ. ದೊಡ್ಡವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನನ್ನು ನೋಡಿದರು.

"ಪಾಠ ಏಳ್ಕೊಡಕ್ ಕುಂತ್ರೆ ಕೊಟ್ಗೆ ಕೆಲ್ಸ ಯಾರ್ ಮಾಡಾರು? ನಿಮ್ಮಪ್ಪಾನಾ?"

"ನಾನ್ ಮಾಡ್ತೀನಿ" ಎಂದೆ.

"ಏನಂದೆ?"

"ನಾಟಿಗ್ ಮುಯ್ಯಾಳ್ ಓಗದಿಲ್ವಾ ದೊಡ್ಡವ್ವ? ಅಂಗೇ ಇದೂವೆ. ಅವ್ಳು ನಮ್ಮಟ್ಟಿ ಮಗೀಗೆ ಒಂದೂವರೆ ಗಂಟೆ. ನಾನು ನಿಮ್ ಕೊಟ್ಗೇಲಿ ಒಂದೂವರೆ ಗಂಟೆ. ಬೆಳಿಗ್ಗೆ ಐದೂವರೆಗೆ ಬತ್ತೀನಿ."

ನಾಲ್ಕು ಹಸುವಿನ ಕೊಟ್ಟಿಗೆ ಅದು. ದೊಡ್ಡವ್ವ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಲೆಕ್ಕ ಹಾಕಿದರು. ಸೊಸೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುವುದು ನನಗೆ ಕಾಣುತ್ತಿತ್ತು. "ಒಂದ್ ದಿನ ತಪ್ಪಿದ್ರೂ ಇಲ್ಲ ಕಣವ್ವ" ಎಂದರು ಕಡೆಗೆ. ನಾನು ಒಪ್ಪಿದೆ.

ಮನೆಗೆ ಬಂದು ಹೇಳಿದ್ದಕ್ಕೆ ನಮ್ಮನೆಯವರು ಊಟದ ತಟ್ಟೆ ಪಕ್ಕಕ್ಕೆ ತಳ್ಳಿದರು.

"ನಮ್ಮಟ್ಟಿ ಎಂಗ್ಸು ಇನ್ನೊಬ್ರ ಮನೆ ತೊಪ್ಪೆ ಬಾಚಕ್ ಓಯ್ತದೆ ಅಂತಾರೆ ಕಣೆ. ನನ್ ಮರ್ವಾದಿ ಏನಾಯ್ತದೆ?"

"ಮುಯ್ಯಾಳು ಕೂಲಿ ಅಲ್ಲ. ಕೂಲಿ ಆದ್ರೂ ನಂಗೇನ್ ನಾಚ್ಕೆ ಇಲ್ಲ. ಒಲಿಗೆ ಮಿಸನ್ ತರೋ ದುಡ್ಡು ನಿಮ್ತಾವೇ ಇರ್ಲಿ" ಎಂದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ.

ಬೀದಿಯಲ್ಲಿ ಮಾತು ಬಂದೇ ಬಂತು. ಡೇರಿಯಲ್ಲಿ ಕ್ಯಾನು ಹಿಡಿದು ನಿಂತಾಗ, "ಏನವ್ವ, ಎರಡೆರಡ್ ಕೊಟ್ಗೆ ಆಯ್ತಂತೆ, ಸಾವ್ಕಾರ್ತಿ ಆಗ್ಬುಟ್ಟೆ" ಎಂದು ಒಬ್ಬಾತ ಕಿಚಾಯಿಸಿದ. "ನಿಂದೂ ಬಾಚ್ಕೊಡ್ತೀನಿ, ನಿನ್ ಮಗಂಗೆ ಏಳರ ಮಗ್ಗಿ ಬತ್ತದಾ ಕೇಳು" ಎಂದೆ. ಅವನು ತನ್ನ ಕ್ಯಾನು ಎತ್ತಿಕೊಂಡು ಮುಂದೆ ಸರಿದ. ಚಳಿಗಾಲದ ಬೆಳಗಿನಲ್ಲಿ ಗಂಜಲದ ನೀರಿಗೆ ಕೈ ಹಾಕುವಾಗ ಮಾತ್ರ ನನಗೂ ಸಾಕಪ್ಪಾ ಎನಿಸಿದ್ದುಂಟು. ಸೊಂಟ ಹಿಡಿದುಕೊಂಡು ಬರುತ್ತಿದ್ದೆ, ಮಗಳ ಮುಂದೆ ಬರುವಾಗ ನೆಟ್ಟಗೆ ನಡೆಯುತ್ತಿದ್ದೆ.

ಪಾಠದ ಮೊದಲ ಸಂಜೆ ದೊಡ್ಡವ್ವನ ಸೊಸೆ ಪುಸ್ತಕ ಬಿಚ್ಚಲೇ ಇಲ್ಲ. "ಅರ್ಧದಲ್ಲಿ ಅರ್ಧ ಎಷ್ಟು?" ಎಂದು ಕೇಳಿದಳು. ನನ್ನ ಮಗಳು ಸ್ವಲ್ಪ ಯೋಚಿಸಿ "ಒಂದು" ಎಂದಳು. ಹತ್ತನೇ ಕ್ಲಾಸಿನ ಹುಡುಗಿ. ನನಗೆ ನೆಲ ಬಿರಿಯಬಾರದೇ ಎನಿಸಿತು. ಪಾಠ ಹೇಳುವವಳು ಬೈಯಲಿಲ್ಲ, ನಗಲಿಲ್ಲ. ಭಿನ್ನರಾಶಿ ಯಾವ ಕ್ಲಾಸಿನಲ್ಲಿ ಆಯಿತು ಎಂದು ಕೇಳಿದಳು. ಆರನೆಯದರಲ್ಲಿ. ಅದು ಕೊರೊನಾ ವರ್ಷ. ಪಾಠವೆಲ್ಲ ಫೋನಿನಲ್ಲಿ, ಇದ್ದ ಒಂದೇ ಫೋನು ಅವರಪ್ಪನ ಜೇಬಿನಲ್ಲಿ, ಅವರಪ್ಪ ಗದ್ದೆಯಲ್ಲಿ. ಸಿಕ್ಕಿದ ದಿನ ಸಿಗ್ನಲ್ಲಿಗೆಂದು ಮಗಳು ತಾರಸಿಯ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂರುತ್ತಿದ್ದಳು. ನಾನು ಕೆಳಗಿನಿಂದ "ಬಿದ್ದೀಯೆ" ಎಂದು ಕೂಗುತ್ತಿದ್ದೆನೇ ಹೊರತು ಏನು ಕಲಿತೆ ಎಂದು ಒಂದು ದಿನವೂ ಕೇಳಿರಲಿಲ್ಲ. ಎಲ್ಲರೂ ಪಾಸು ಎಂದು ಹೇಳಿದರು, ನಾವು ಸಿಹಿ ಹಂಚಿದೆವು. ನಾಲ್ಕು ವರ್ಷ ಆ ಮಗು ಗೊತ್ತಿಲ್ಲದ್ದನ್ನು ಮುಚ್ಚಿಟ್ಟುಕೊಂಡು ಮುಂದಿನ ಬೆಂಚಿಗೆ ಹೋಗುತ್ತಲೇ ಇತ್ತು. ಆ ಸಂಜೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ, ಸದ್ದು ಹೊರಗೆ ಕೇಳಿಸದಂತೆ.

"ಒಂದೂವರೆ ಎಕರೆ ಅಂದ್ರೆ ಎಷ್ಟು ಗುಂಟೆ?" ಎಂದು ಆ ಹುಡುಗಿ ಅಲ್ಲಿಂದ ಶುರು ಮಾಡಿದಳು. ಅರವತ್ತು ಎಂದಳು ಮಗಳು, ತಟ್ಟನೆ. ಮೂರು ಪಾಲು ಮಾಡಿದರೆ? ಇಪ್ಪತ್ತು. ಆ ಪಾಲಿನಲ್ಲಿ ಅರ್ಧ? ಹತ್ತು. ಹಾಗಾದರೆ ಮೂರರಲ್ಲಿ ಒಂದರ ಅರ್ಧ ಆರರಲ್ಲಿ ಒಂದು ತಾನೆ, ಎಂದು ಚಾಕ್‌ಪೀಸಿನಲ್ಲಿ ಬರೆದಳು. ಬರೆದದ್ದು ನಮ್ಮ ಹಸು ನೀರು ಕುಡಿಯುವ ಸಿಮೆಂಟು ತೊಟ್ಟಿಯ ಗೋಡೆಯ ಮೇಲೆ. ಆರನೆಯ ಕ್ಲಾಸಿನಿಂದ ಹಿಡಿದು ದೀಪಾವಳಿ ಹೊತ್ತಿಗೆ ಒಂಬತ್ತಕ್ಕೆ ಬಂದರು. ಸಂಕ್ರಾಂತಿಯ ಹೊತ್ತಿಗೆ ಹತ್ತನೆಯದರ ಪಾಠವೇ ನಡೆಯುತ್ತಿತ್ತು. ಒಂದು ಸಂಜೆ ಇಬ್ಬರೂ ನಮ್ಮ ತೆಂಗಿನ ಮರದ ನೆರಳು ಅಳೆದು ಮರದ ಎತ್ತರ ಕಂಡುಹಿಡಿದರು. ಕಾಯಿ ಕೀಳಲು ಬಂದವನ ಕೈಯಲ್ಲಿ ತುದಿಯಿಂದ ಹಗ್ಗ ಇಳಿಬಿಡಿಸಿ ಅಳೆದು ನೋಡಿದರೆ ಒಂದು ಮೊಳವಷ್ಟೇ ಹೆಚ್ಚುಕಡಿಮೆ. ಮಗಳು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ಟ್ಯಾಬನ್ನು ನಾನು ತಿಪ್ಪೆಗೆ ಎಸೆದೆ ಎಂದುಕೊಳ್ಳಬೇಡಿ. ದುಡ್ಡು ಕೊಟ್ಟ ವಸ್ತು. ಆ ಹುಡುಗಿ ಅದರಲ್ಲಿ ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಂಡಳು, ನಕ್ಷೆ ಎಳೆದು ತೋರಿಸಿದಳು. ಉತ್ತರ ಒತ್ತುವುದಕ್ಕೆ ಮಾತ್ರ ಬಿಡಲಿಲ್ಲ, ಮೊದಲು ಪುಸ್ತಕದಲ್ಲಿ ಬಿಡಿಸಬೇಕು ಎಂದಳು. ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಹಾಲು ಕರೆಯುವ ಮಿಷನ್ನು ಕೊಟ್ಟರೆ ನಾಳೆಯೇ ತಗೊಳ್ಳುತ್ತೇನೆ. ಆದರೆ ಕಲಿಯುವವಳ ಮುಖ ನೋಡಿ, ಇವಳಿಗೆ ಅರ್ಥವಾಗಿಲ್ಲ, ಆಗಿದೆ ಎಂದು ಸುಮ್ಮನೆ ತಲೆಯಾಡಿಸುತ್ತಿದ್ದಾಳೆ ಎಂದು ಹಿಡಿಯುವುದಕ್ಕೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯರು ನಮ್ಮ ಊರುಗಳಲ್ಲೇ ಇದ್ದಾರೆ. ಮದುವೆ ಮಾಡಿ ತಂದು ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮಗಳಿಗೆ ಗಣಿತದಲ್ಲಿ ನೂರಕ್ಕೆ ಅರವತ್ತೆಂಟು. ನಮ್ಮನೆಯವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮೂರು ಸಲ ನೋಡಿದರು. ಆಮೇಲೆ ಅಂಗಿ ಹಾಕಿಕೊಂಡು, ಡಿಪ್ಲೊಮಾ ಅರ್ಜಿ ವಿಚಾರಿಸುವುದಕ್ಕೆ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಮಂಡ್ಯಕ್ಕೆ ಹೊರಟರು. ಗಾಡಿ ತಿರುಗಿಸುವಾಗ ಒಮ್ಮೆ ನನ್ನ ಕಡೆ ನೋಡಿದರು, ಕಣ್ಣು ಕೆಂಪಾಗಿತ್ತು.

ನಾನು ಸಕ್ಕರೆ ತಗೊಂಡು ದೊಡ್ಡವ್ವನ ಮನೆಗೆ ಹೋದೆ. ಆ ಹುಡುಗಿಯ ಬಾಯಿಗೆ ಸಕ್ಕರೆ ಹಾಕಿ ಅವಳನ್ನು ತಬ್ಬಿಕೊಂಡೆ. ಅವಳು ನಗುತ್ತಿದ್ದಳು, ಆದರೆ ಕಣ್ಣಿನಲ್ಲಿ ಬೇರೆ ಏನೋ ಇತ್ತು. ಏನೆಂದು ನನಗೆ ಗೊತ್ತು. ಹಿಂದಿನ ವಾರ ತೊಟ್ಟಿಯ ಹತ್ತಿರ ನನಗೊಬ್ಬಳಿಗೇ ಹೇಳಿದ್ದಳು, ಸರ್ಕಾರಿ ಮೇಷ್ಟರ ಕೆಲಸಕ್ಕೆ ಪರೀಕ್ಷೆ ಕರೆದಿದ್ದಾರೆ, ಬರೆಯಬೇಕೆಂದು ಆಸೆ, ಓದುವುದಕ್ಕೆ ಹೊತ್ತು ಎಲ್ಲಿಂದ ತರಲಿ ಅಕ್ಕ ಎಂದು.

ದೊಡ್ಡವ್ವ ಸಕ್ಕರೆ ಬಾಯಿಗೆ ಹಾಕಿಕೊಂಡರು. "ಒಳ್ಳೇದಾಯ್ತು ಬುಡು. ಮುಯ್ಯಿ ತೀರ್ತು. ನಾಳೆಯಿಂದ ನೀನ್ ಬರ್ಬ್ಯಾಡ, ಕೊಟ್ಗೆ ಇವ್ಳು ನೋಡ್ಕತಾಳೆ."

ನ್ಯಾಯವಾಗಿ ನೋಡಿದರೆ ಅವರ ಮಾತು ಸರಿ. ನನ್ನ ಕೆಲಸ ಆಗಿತ್ತು. ಸುಳ್ಳು ಯಾಕೆ ಹೇಳಲಿ, ನಾಳೆ ಆರರವರೆಗೆ ಮಲಗಬಹುದು ಎಂದು ನನ್ನ ಸೊಂಟ ಆಗಲೇ ಹಿಗ್ಗಿತ್ತು. ಆ ಹುಡುಗಿ ಸಕ್ಕರೆ ಅಂಟಿದ ತುಟಿ ಒರೆಸಿಕೊಂಡು ನೆಲ ನೋಡುತ್ತ ನಿಂತಿದ್ದಳು. ಇಪ್ಪತ್ತೈದು ವರ್ಷದ ಹಿಂದೆ ಲಗ್ನಪತ್ರಿಕೆ ಕೈಗೆ ಬಂದಾಗ ನಾನು ನಿಂತಿದ್ದು ಹೀಗೇ. ನನಗೆ ಸಿಟ್ಟು ಬಂತು.

"ತೀರಿಲ್ಲ ದೊಡ್ಡವ್ವ" ಎಂದೆ. "ದಿನಕ್ಕೆ ದಿನ ತಾನೇ ಮುಯ್ಯಾಳು? ಇವ್ಳು ನನ್ ಮಗೀಗೆ ಐದ್ ವರ್ಸದ ಓದು ಕೊಟ್ಟವ್ಳೆ. ನಾನ್ ಬಂದಿರದು ಏಳೆಂಟು ತಿಂಗ್ಳು. ನಂದಿನ್ನೂ ಐತೆ."

"ಐತೆ ಅಂದ್ರೆ? ಅವ್ಳೇನ್ ಮಾಡ್ತಾಳೆ ಅಲ್ಲಿಗಂಟ?"

"ಓದ್ತಾಳೆ. ಪರೀಕ್ಸೆ ಐತೆ ಅವ್ಳ್ಗೆ. ಅದು ಮುಗಿಯೋಗಂಟ ಕೊಟ್ಗೆ ನಂದು. ಬೆಳಿಗ್ಗೆ ಐದೂವರೆಗೆ ಬತ್ತೀನಿ, ಬಾಗ್ಲು ತೆಗ್ದಿರು."

ದೊಡ್ಡವ್ವ ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು, ಎದ್ದು ಒಳಕ್ಕೆ ಹೋದರು. ಒಪ್ಪಿದರೋ ಬೈದುಕೊಂಡರೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಹೋದಾಗ ಬಾಗಿಲು ತೆಗೆದಿತ್ತು. ನಡುಮನೆಯಲ್ಲಿ ಲೈಟು ಹಾಕಿತ್ತು, ಆ ಹುಡುಗಿ ಗೋಡೆಗೆ ಒರಗಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಹೋದೆ. ಅಲ್ಲಿ ದೊಡ್ಡವ್ವ ಸೀರೆ ಎತ್ತಿ ಕಟ್ಟಿ ಸಗಣಿ ಬಾಚುತ್ತಿದ್ದರು. ನನ್ನನ್ನು ಕಂಡವರು ಪೊರಕೆಯನ್ನು ಕಾಲಲ್ಲೇ ನನ್ನ ಕಡೆ ತಳ್ಳಿದರು.

"ಈ ಕಡೇವು ಎರಡು ನಾನ್ ಬಾಚಿವ್ನಿ. ಆ ಕಡೇವು ನೀನ್ ನೋಡ್ಕೊ. ಬಕೀಟ್ ಸದ್ದು ಮಾಡ್ಬ್ಯಾಡ, ಒಳ್ಗೆ ಓದ್ತಾವ್ಳೆ."